ಕಾಡಂಚಿನ ಹೊಲಕ್ಕೆ ಬೆಂಕಿ ಗೆರೆ ಹಾಕುವುದು ಹೀಗೆ

ಬಿಳಿಗಿರಿರಂಗನ ಬೆಟ್ಟದ ಕಾಡಂಚಿನಲ್ಲಿ ರಾಗಿ ಬೆಳೆಯುವ ಸೋಲಿಗ ನಾನು. ಬೇಸಿಗೆಯಲ್ಲಿ ಬೆಂಕಿ ಕಾವಲಿಗೂ ಹೋಗುತ್ತೇನೆ. ಬೆಂಕಿ ಗೆರೆ ಅಂದರೆ ಕಾಡಿನ ಬೆಂಕಿ ದಾಟದಂತೆ ಹೊಲದ ಅಂಚಿನಲ್ಲಿ ಹುಲ್ಲು, ತರಗು ತೆಗೆದು ಮಾಡುವ ಬರಿ ಮಣ್ಣಿನ ಪಟ್ಟಿ.

ನಮ್ಮ ಹಿರಿಯರು ಜನವರಿ, ಫೆಬ್ರವರಿಯಲ್ಲೇ ‘ತರಗು ಬೆಂಕಿ’ ಹಾಕುತ್ತಿದ್ದರು. ಆಗ ನೆಲದಲ್ಲಿ ಇನ್ನೂ ತೇವ ಇರುತ್ತದೆ. ಬೆಂಕಿ ಮೇಲೇಳದೆ ತರಗೆಲೆಯನ್ನಷ್ಟೇ ಸುಟ್ಟು ಹೋಗುತ್ತಿತ್ತು. ಉಣುಗು ಕಡಿಮೆಯಾಗುತ್ತಿತ್ತು, ಹೊಸ ಹುಲ್ಲು ಬರುತ್ತಿತ್ತು. ನೆಲ್ಲಿ ಮರ ಹಿಡಿಯುವ ಉಪ್ಪಿಲು, ಅಂದರೆ ಬಂದಳಿಕೆ, ಅದೂ ಹಿಡಿತದಲ್ಲಿತ್ತು ಎನ್ನುತ್ತಾರೆ ತಾತಂದಿರು. 1972ರ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ನಮ್ಮ ಕಾಡು ಅಭಯಾರಣ್ಯವಾಯಿತು, ತರಗು ಬೆಂಕಿ ನಿಂತಿತು. ಲಾಂಟಾನ ಎಂಬ ಕಳೆ ಪೊದೆ ದಟ್ಟವಾಯಿತು. ಈಗ ಬೆಂಕಿ ಬಿದ್ದರೆ ಲಾಂಟಾನ ಹತ್ತಿಕೊಂಡು ಮರದ ತಲೆಗೇ ಹೋಗುತ್ತದೆ. ಅದಕ್ಕೇ ಹೇಳುತ್ತೇನೆ, ಹಿರಿಯರು ಹಾಕುತ್ತಿದ್ದರು ಅಂತ ನೀವು ಕಾಡಿನಲ್ಲಿ ಕಡ್ಡಿ ಗೀರಬೇಡಿ. ಅದು ಅಪರಾಧ, ಅಪಾಯವೂ ಹೌದು. ನಮ್ಮ ಗ್ರಾಮಸಭೆಗಳಿಗೆ 2011ರಲ್ಲಿ ಕಾಡಿನ ಮೇಲೆ ಸಮುದಾಯ ಹಕ್ಕು ಸಿಕ್ಕಿದೆ. ಅರಣ್ಯ ಇಲಾಖೆ ನಮ್ಮ ಹಿರಿಯರ ಜೊತೆ ಕೂತು ಮಾತಾಡಿ ತರಗು ಬೆಂಕಿಯನ್ನು ಮತ್ತೆ ಶುರು ಮಾಡಬೇಕು ಎಂಬುದು ನನ್ನ ಆಸೆ.

ಸ್ವಂತ ಹೊಲದ ಅಂಚಿನಲ್ಲಿ ಮಾತ್ರ ಇವತ್ತೇ ಕೆಲಸ ಹಿಡಿಯಬಹುದು. ಗೆರೆ ಜನವರಿಯೊಳಗೆ ಮುಗಿಯಲಿ. ದಾರಿ, ಹಳ್ಳ, ಬಂಡೆ ಇದ್ದರೆ ಅದಕ್ಕೇ ಸೇರಿಸಿಕೊಳ್ಳಿ, ಅರ್ಧ ಶ್ರಮ ಉಳಿಯುತ್ತದೆ. ಪಕ್ಕದ ಪೊದೆ ಎಷ್ಟು ಎತ್ತರವೋ ಕನಿಷ್ಠ ಅದರ ಎರಡರಷ್ಟು ಅಗಲ ಬೇಕು. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಓಡುತ್ತದೆ, ಅಲ್ವಾ? ಹಾಗಾಗಿ ಹೊಲದ ಕೆಳಗಡೆಯ ಗೆರೆ ಇನ್ನೂ ಅಗಲ ಇರಲಿ. ಹುಲ್ಲು ಕೊಯ್ದರೆ ಸಾಲದು, ಮಣ್ಣು ಕಾಣುವವರೆಗೆ ಗುಡಿಸಿ. ಗುಡಿಸಿದ ತರಗನ್ನು ಗೆರೆ ಪಕ್ಕ ರಾಶಿ ಹಾಕದೆ ತಿಪ್ಪೆಗೆ ಸಾಗಿಸಿ.

ಲಾಂಟಾನವನ್ನು ಮಚ್ಚಿನಲ್ಲಿ ಕಡಿದು ಬಿಟ್ಟರೆ ಇನ್ನೂ ಜಾಸ್ತಿ ಚಿಗುರುತ್ತದೆ. ಗುದ್ದಲಿಯಿಂದ ಬುಡ ಬಿಡಿಸಿ, ಮಣ್ಣಿನಿಂದ ಮೂರು ನಾಲ್ಕು ಬೆರಳು ಕೆಳಗೆ ತಾಯಿಬೇರು ಕತ್ತರಿಸಿ. ಗಿಡವನ್ನು ಎತ್ತಿ ತಲೆಕೆಳಗಾಗಿ ಇಡಿ, ಮತ್ತೆ ಬೇರು ಬಿಡುವುದಿಲ್ಲ. ಹಣ್ಣಾಗುವ ಮೊದಲೇ ಕೀಳಿ, ಇಲ್ಲದಿದ್ದರೆ ಹಕ್ಕಿಗಳು ಬೀಜ ಹರಡುತ್ತವೆ. ಒಣಗಿದ ಕಡ್ಡಿ ಸೌದೆಗೆ ಆಗುತ್ತದೆ, ಮರದ ಬುಡದಲ್ಲಿ ಮಾತ್ರ ಬಿಡಬೇಡಿ. ಹೊಲದ ಮರಗಳಿಗೆ ಹಬ್ಬಿದ ಒಣ ಬಳ್ಳಿಯನ್ನೂ ಕೈಗೆ ಎಟುಕುವಷ್ಟು ಎತ್ತರದವರೆಗೆ ತೆಗೆಯಿರಿ.

ಹೆಚ್ಚಿನವರು ಗೆರೆ ಹಾಕಿ ಮರೆತುಬಿಡುತ್ತಾರೆ. ಶಿವರಾತ್ರಿ ಹೊತ್ತಿಗೆ ಮರಗಳು ಮತ್ತೆ ಎಲೆ ಉದುರಿಸಿರುತ್ತವೆ, ಗೆರೆ ಮುಚ್ಚಿಹೋಗಿರುತ್ತದೆ. ಆಗ ಒಮ್ಮೆ, ಯುಗಾದಿ ಹೊತ್ತಿಗೆ ಇನ್ನೊಮ್ಮೆ ಗುಡಿಸಲೇಬೇಕು.

ಬೆಂಕಿ ಕಂಡರೆ ಮೊದಲು 1926ಕ್ಕೆ ಫೋನ್ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ. ಸಣ್ಣ ಬೆಂಕಿಯಾದರೆ ಹಸಿ ಸೊಪ್ಪಿನ ಕೊಂಬೆಯಿಂದ ಬಡಿಯಿರಿ, ಸುಟ್ಟು ಆರಿದ ಕಡೆ ನಿಂತು ಬಡಿಯಿರಿ. ಬೆಂಕಿ ಕೆಳಗಿದ್ದಾಗ ಅದರ ಮೇಲಿನ ಇಳಿಜಾರಿನಲ್ಲಿ ಯಾರೂ ನಿಲ್ಲಬಾರದು. ಮಕ್ಕಳನ್ನೂ ದನಗಳನ್ನೂ ಮೊದಲೇ ಹಳ್ಳದ ಆಚೆಗೆ ಕಳಿಸಿ.