ಕಾರಹುಣ್ಣಿಮೆ ಇರುವ ಟೇಬಲ್ ಕ್ಯಾಲೆಂಡರ್

ನನ್ನ ಟೇಬಲ್ ಮೇಲಿದ್ದ ಕ್ಯಾಲೆಂಡರ್‌ನಲ್ಲಿ ದೀಪಾವಳಿ ಇತ್ತು, ಕ್ರಿಸ್‌ಮಸ್ ಇತ್ತು. ಎತ್ತುಗಳಿಗೆ ಬಣ್ಣ ಹಚ್ಚುವ ಕಾರಹುಣ್ಣಿಮೆ ಇರಲಿಲ್ಲ. ಹೊಲದಲ್ಲಿ ಪೂಜೆ ಮಾಡುವ ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಯೂ ಇರಲಿಲ್ಲ. ನಾನು ಧಾರವಾಡದಿಂದ ಊರಿಗೆ ರಜೆ ಹಾಕಿ ಹೋಗುವುದೇ ಈ ದಿನಗಳಿಗೆ. ಅದಕ್ಕೇ 2026ರ ಕ್ಯಾಲೆಂಡರ್ ನಾನೇ ಮಾಡಿಕೊಂಡೆ.

ಕಿರಾಣಿ ಅಂಗಡಿಯಿಂದ ಬಿಸ್ಕಿಟ್ ಬಂದಿದ್ದ ರಟ್ಟಿನ ಡಬ್ಬಿ ತಂದೆ. 20 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿದೆ. ಮುಂದಕ್ಕೆ 15, ಹಿಂದಕ್ಕೆ 15, ತಳಕ್ಕೆ 8, ಉಳಿದ 2 ಸೆಂ.ಮೀ. ಅಂಟಿಸಲು. ಮಡಚಿದರೆ ಗುಡಿಸಲಿನ ಹಾಗೆ ನಿಲ್ಲುತ್ತದೆ.

ಮೊದಲ ಸ್ಟ್ಯಾಂಡ್ ಒಂದೇ ವಾರಕ್ಕೆ ಹೊಟ್ಟೆ ಒಳಗೆ ಹಾಕಿ ಕುಸಿಯಿತು. ರಟ್ಟಿನ ಎರಡು ಹಾಳೆಗಳ ನಡುವೆ ಅಲೆ ಅಲೆಯಾಗಿ ಒಂದು ಕಾಗದ ಇರುತ್ತದಲ್ವಾ, ಆ ಅಲೆಯ ಗೆರೆಗಳನ್ನು ನಾನು ಅಡ್ಡ ಇಟ್ಟಿದ್ದೆ. ಮಡಚಲು ಸುಲಭ, ಆದರೆ ಭಾರ ಬಿದ್ದಾಗ ರಟ್ಟು ಅದೇ ಗೆರೆಯಲ್ಲಿ ಬಾಗುತ್ತದೆ. ಗೆರೆಗಳು ಕೆಳಗಿಂದ ಮೇಲಕ್ಕೆ ಇರಬೇಕು, ಕಂಬದ ಹಾಗೆ. ಹಾಗಿಟ್ಟರೆ ಮಡಚುವುದು ಕಷ್ಟ. ಶಾಯಿ ಮುಗಿದ ಬಾಲ್‌ಪೆನ್ನನ್ನು ಸ್ಕೇಲ್ ಗುಂಟ ಎರಡು ಮೂರು ಸಲ ಒತ್ತಿ ಎಳೆದ ಮೇಲೆ ನೀಟಾಗಿ ಮಡಚಿತು. ಎರಡನೆಯದು ಇವತ್ತಿಗೂ ನೆಟ್ಟಗೆ ನಿಂತಿದೆ.

ಮೇಲೆ ಅಂಟಿಸುವ ಚಿತ್ತಾರದ ಕಾಗದವನ್ನು ಅಂಗಡಿಯಲ್ಲಿ ಕೊಳ್ಳಲು ಮನಸ್ಸಾಗಲಿಲ್ಲ. ಅವ್ವ ಕಸೂತಿ ಹಾಕುತ್ತಾಳೆ. ಕಸೂತಿಯಲ್ಲಿ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹೊಲಿಗೆ ಹಾಕುತ್ತಾರೆ. ಹಾಗಾಗಿ ಗ್ರಾಫ್ ಕಾಗದಕ್ಕೆ ಇಳಿಸುವುದು ಸುಲಭ, ಒಂದು ಹೊಲಿಗೆಗೆ ಒಂದು ಚೌಕ. ಅವ್ವ ಎಣಿಸಿ ಹೇಳಿದಳು, ನಾನು ಗೋಪುರ, ತೇರು, ನವಿಲು ಬರೆದೆ. ಬಣ್ಣದ ಕಾಗದದ ಮೇಲೆ ಝೆರಾಕ್ಸ್ ಮಾಡಿಸಿದೆ. ಅಕ್ಟೋಬರ್‌ಗೆ ದಸರಾ ಅಂತ ಆನೆ ಅಂಬಾರಿ, ನವೆಂಬರ್‌ಗೆ ತುಳಸಿ ಕಟ್ಟೆ.

ಅಂಟಿಗೆ ಎರಡು ಚಮಚ ಮೈದಾ, ಒಂದು ಲೋಟ ನೀರು. ಸಣ್ಣ ಉರಿಯಲ್ಲಿ ಗಂಟಾಗದಂತೆ ತಿರುವಬೇಕು. ಒದ್ದೆಯಾದ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನೂ ತನ್ನ ಕಡೆ ಎಳೆಯುತ್ತದೆ. ಒಂದೇ ಬದಿಗೆ ಅಂಟಿಸಿದರೆ ರಟ್ಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಒಳಬದಿಗೂ ಒಂದು ಹಾಳೆ ಅಂಟಿಸಿ. ಅದು ಹಳೇ ಪೇಪರ್ ಆದರೂ ನಡೆಯುತ್ತದೆ. ಪಟ್ಟಿಯನ್ನು ಮಡಚುವ ಮೊದಲೇ ಈ ಕೆಲಸ ಮುಗಿಸಿ, ರಾತ್ರಿಯಿಡೀ ಭಾರದ ಪುಸ್ತಕಗಳ ಕೆಳಗೆ ಇಡಿ.

ತಿಂಗಳ ಹಾಳೆಗೆ ಹನ್ನೆರಡು ಸಲ ದಿನಾಂಕದ ಮನೆ ಗೀಚಬೇಕಿಲ್ಲ. ಏಳು ನಮೂನೆ ಸಾಕು. ಅಧಿಕ ವರ್ಷ ಅಲ್ಲದಿದ್ದರೆ ಫೆಬ್ರುವರಿ, ಮಾರ್ಚ್, ನವೆಂಬರ್ ಮೂರೂ ಒಂದೇ ವಾರಕ್ಕೆ ಶುರುವಾಗುತ್ತವೆ, 2026ರಲ್ಲಿ ಅದು ಭಾನುವಾರ. ಜನವರಿ-ಅಕ್ಟೋಬರ್, ಏಪ್ರಿಲ್-ಜುಲೈ, ಸೆಪ್ಟೆಂಬರ್-ಡಿಸೆಂಬರ್ ಜೋಡಿ. ಮೇ, ಜೂನ್, ಆಗಸ್ಟ್ ಮಾತ್ರ ಒಂಟಿ. ಆದರೆ ಐದು ಸಾಲು ಹಾಕಿ ನಿಲ್ಲಿಸಬೇಡಿ. ನನ್ನ ಮೇ ಹಾಳೆಯಲ್ಲಿ 31ಕ್ಕೆ ಜಾಗವೇ ಇರಲಿಲ್ಲ. ಸಾಲು ಭಾನುವಾರದಿಂದ ಶುರುವಾದರೆ ಮೇ ಮತ್ತು ಆಗಸ್ಟ್‌ಗೆ ಆರನೇ ಸಾಲು ಬೇಕು.

ಆ 31ರ ಮನೆಯಲ್ಲೇ ದೊಡ್ಡ ತಪ್ಪಾಗಿತ್ತು. ಅವತ್ತು ಹುಣ್ಣಿಮೆ, ಜ್ಯೇಷ್ಠ ಮಾಸ. ಸರಿ ಅಂತ ಕೆಂಪು ಶಾಯಿಯಲ್ಲಿ ಕಾರಹುಣ್ಣಿಮೆ ಬರೆದು ಪಕ್ಕದಲ್ಲಿ ಒಂದು ಎತ್ತನ್ನೂ ಬರೆದಿದ್ದೆ. ಅವ್ವ ಪಂಚಾಂಗ ತೆಗೆದು ನೋಡಿದಳು.

"ಇದು ಅಧಿಕ ಮಾಸದ ಹುಣ್ಣಿವಿ ಅದ ನೋಡವಾ. ಎತ್ತಿಗೆ ಬಣ್ಣ ಹಚ್ಚೂದು ಮುಂದಿನ ಹುಣ್ಣಿವಿಗೆ."

2026ರಲ್ಲಿ ಜ್ಯೇಷ್ಠ ಎರಡು ಸಲ ಬರುತ್ತದೆ. ಕಾರಹುಣ್ಣಿಮೆ ಜೂನ್ 29ಕ್ಕೆ, ಸೋಮವಾರ. ಮೇ 31ರ ಮೇಲೆ ಉಳಿದ ಕಾಗದದಿಂದ ಒಂದು ನವಿಲು ಕತ್ತರಿಸಿ ಅಂಟಿಸಿದೆ. ಎತ್ತನ್ನು ಜೂನ್ ಹಾಳೆಯಲ್ಲಿ ಹೊಸದಾಗಿ ಬರೆದೆ, ಈ ಸಲ ಕೋಡಿಗೆ ಬಣ್ಣ ಹಚ್ಚಿ.