ಹಳೆಯ ಅಂಬಾಸಿಡರ್‌ನ ಹೆಡ್‌ಲೈಟ್: ವೈರಿಂಗ್ ಮೊದಲು, ಬಲ್ಬ್ ಆಮೇಲೆ

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಅಂಬಾಸಿಡರ್ ಇಟ್ಟುಕೊಂಡವರು ಸಾಮಾನ್ಯವಾಗಿ ಹೇಳುವ ದೂರು ಒಂದೇ: ಎಂಜಿನ್ ಗಟ್ಟಿಯಾಗಿದೆ, ಸಂಜೆಯಾದರೆ ಮಾತ್ರ ರಸ್ತೆ ಕಾಣುವುದಿಲ್ಲ. ಅವರು ಕಂಡುಕೊಳ್ಳುವ ಪರಿಹಾರವೂ ಒಂದೇ. ಹೆಚ್ಚು ವ್ಯಾಟ್‌ನ ಬಲ್ಬನ್ನೋ ಕಣ್ಣು ಕುಕ್ಕುವ ಎಲ್‌ಇಡಿಯನ್ನೋ ತಂದು ಹಳೆಯ ಹೋಲ್ಡರ್‌ಗೆ ಸಿಕ್ಕಿಸುತ್ತಾರೆ. ಹೆಚ್ಚು ವ್ಯಾಟ್‌ನ ಬಲ್ಬಾದರೆ ಕೆಲವೇ ದಿನಗಳಲ್ಲಿ ಹೋಲ್ಡರ್ ಕರಗುತ್ತದೆ, ಸ್ವಿಚ್ ಸುಡುತ್ತದೆ, ಡೂಮ್‌ನ (ಬಲ್ಬ್ ಕೂರುವ, ಮುಂದೆ ಗಾಜಿರುವ ಬಟ್ಟಲಿನ) ಹೊಳಪು ಕಪ್ಪಿಡುತ್ತದೆ. ಒಳ್ಳೆಯ ಗಾಡಿಗಳು ಹೀಗೆ ಹಾಳಾಗುವುದನ್ನು ಕಂಡು ಬೇಸತ್ತು ಇದನ್ನು ಬರೆಯುತ್ತಿದ್ದೇನೆ. ದೀಪ ಮಂಕಾಗಿರುವುದಕ್ಕೆ ಬಹುಪಾಲು ಕಾರಣ ಬಲ್ಬ್ ಅಲ್ಲ, ಅದಕ್ಕೆ ಕರೆಂಟ್ ಒಯ್ಯುವ ದಾರಿ.

ಗದಗ ರಸ್ತೆಯಲ್ಲಿ ಹತ್ತಿ ಹೇರಿಕೊಂಡು ಹಿಂದಿನ ದೀಪವಿಲ್ಲದೆ ಸಾಗುವ ಟ್ರ್ಯಾಕ್ಟರ್ ಟ್ರೇಲರ್‌ಗಳನ್ನು, ಕಲಘಟಗಿ ದಾಟಿದ ಮೇಲೆ ಯಲ್ಲಾಪುರದ ಕಾಡಿನಲ್ಲಿ ಬರುವ ತಿರುವುಗಳನ್ನು ಬಲ್ಲವರಿಗೆ ಇದು ಅಂದಚಂದದ ವಿಷಯವಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಅಳೆಯಿರಿ

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಎಂಜಿನ್ ಚಾಲೂ ಮಾಡಿ, ಡಿಪ್ಪರ್ (ಹತ್ತಿರದ ರಸ್ತೆಗೆ ಬೀಳುವ ತಗ್ಗಿನ ಬೆಳಕು) ಹೊತ್ತಿಸಿ. ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವಿನ ವೋಲ್ಟೇಜ್ ಬರೆದುಕೊಳ್ಳಿ. ಆಮೇಲೆ ದೀಪದ ರಿಂಗ್ ಬಿಚ್ಚಿ, ಬಲ್ಬ್ ಉರಿಯುತ್ತಿರುವಾಗಲೇ ಅದರ ಹೋಲ್ಡರ್‌ನ ಹಿಂಭಾಗದಲ್ಲಿ ಅಳೆಯಿರಿ. ಹಳೆಯ ಗಾಡಿಗಳಲ್ಲಿ ಈ ಎರಡರ ನಡುವೆ ಎರಡು ವೋಲ್ಟ್ ಕಡಿಮೆ ಬರುವುದು ಅಪರೂಪವೇನಲ್ಲ. ವೋಲ್ಟೇಜ್ ಶೇ 10ರಷ್ಟು ಇಳಿದರೆ ಹ್ಯಾಲೊಜನ್ ಬಲ್ಬಿನ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಅಂದರೆ ನೀವು ಕೊಂಡ ಬೆಳಕಿನ ಸುಮಾರು ಮೂರನೆಯ ಒಂದು ಭಾಗ ವೈರಿನ ದೆಸೆಯಿಂದಲೇ ಕಳೆದುಹೋಗುತ್ತಿದೆ.

ಕಾರಣ ಸರಳ. ಈ ಗಾಡಿಯಲ್ಲಿ ದೀಪದ ಪೂರ್ತಿ ಕರೆಂಟ್ ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್‌ಗೆ, ಅಲ್ಲಿಂದ ಡಿಪ್ಪರ್ ಸ್ವಿಚ್‌ಗೆ, ಮತ್ತೆ ಅಲ್ಲಿಂದ ಮುಂದಿನ ಗ್ರಿಲ್‌ವರೆಗೆ ಸಣ್ಣ ವೈರಿನಲ್ಲಿ ಸುತ್ತಿಕೊಂಡು ಬರುತ್ತದೆ. ಹಳೆಯ ಮಾದರಿಗಳಲ್ಲಿ ಡಿಪ್ಪರ್ ಸ್ವಿಚ್ ಕಾಲಿನ ಬಳಿ ನೆಲದಲ್ಲಿದೆ; ಮಳೆಗಾಲದಲ್ಲಿ ಒದ್ದೆ ಚಪ್ಪಲಿಯ ನೀರು, ಕೆಸರು ಎಲ್ಲವೂ ಅದರ ಮೇಲೆಯೇ. ಹಾದಿಯುದ್ದಕ್ಕೂ ಇರುವ ಒಂದೊಂದು ತುಕ್ಕು ಹಿಡಿದ ಜೋಡಣೆಯೂ ಒಂದಿಷ್ಟು ವೋಲ್ಟೇಜ್ ತಿನ್ನುತ್ತದೆ.

ಏನೇನು ಬೇಕು

ಎಚ್4 ಬಲ್ಬ್ (ಡಿಪ್ಪರ್‌ಗೂ ದೂರಕ್ಕೆ ಬೀಳುವ ಅಪ್ಪರ್‌ಗೂ ಒಳಗೆ ಬೇರೆಬೇರೆ ತಂತಿ ಇರುವ ಹ್ಯಾಲೊಜನ್ ಬಲ್ಬ್) ಕೂರುವ 7 ಇಂಚಿನ ಗಾಜಿನ ಡೂಮ್ ಎರಡು, 60/55 ವ್ಯಾಟ್‌ನ ಎಚ್4 ಬಲ್ಬ್ ಎರಡು, 30 ಆಂಪಿಯರ್‌ನ ನಾಲ್ಕು ಪಿನ್ ರಿಲೇ (ಸಣ್ಣ ಕರೆಂಟಿನ ಅಪ್ಪಣೆಗೆ ದೊಡ್ಡ ಕರೆಂಟನ್ನು ಹರಿಯಬಿಡುವ ಸ್ವಿಚ್) ಎರಡು, 15 ಆಂಪಿಯರ್ ಫ್ಯೂಸ್‌ಗಳು ಹೋಲ್ಡರ್ ಸಹಿತ ಎರಡು, 2.5 ಚದರ ಮಿ.ಮೀ. ವೈರ್, ತಾಮ್ರದ ಲಗ್‌ಗಳು (ವೈರಿನ ತುದಿಗೆ ಒತ್ತಿ ಕೂರಿಸುವ ಕೊಂಡಿಗಳು), ಸ್ಲೀವ್. ಪ್ಲಾಸ್ಟಿಕ್ ಲೆನ್ಸಿನ ಅಗ್ಗದ ಡೂಮ್ ಬೇಡವೇ ಬೇಡ. ನಮ್ಮ ಬಿಸಿಲಿಗೆ ಅದು ಬೇಗ ಹಳದಿಯಾಗುತ್ತದೆ.

ಡೂಮ್ ಕೊಳ್ಳುವಾಗ ಗಾಜನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಅಂತರರಾಷ್ಟ್ರೀಯ ಗುಣಮಟ್ಟದ ಮುದ್ರೆ ಇರುವ ಡೂಮ್‌ನಲ್ಲಿ, ಮುಂದೆ ನಿಂತು ನೋಡುವವರ ಬಲಕ್ಕೆ ತಿರುಗಿದ ಬಾಣದ ಗುರುತು ಇದ್ದರೆ ಅದು ಎಡಬದಿಯ ಸಂಚಾರಕ್ಕೆ, ಅಂದರೆ ನಮ್ಮ ರಸ್ತೆಗೆ ಮಾಡಿದ್ದು. ಮುದ್ರೆಯಿದ್ದು ಬಾಣವೇ ಇಲ್ಲದಿದ್ದರೆ ಅದು ಬಲಬದಿಯಲ್ಲಿ ಓಡಿಸುವ ದೇಶಗಳದ್ದು. ಅದರ ಡಿಪ್ಪರ್ ಬೆಳಕು ಎದುರಿನವರ ಕಣ್ಣಿನ ಕಡೆಗೇ ಏರುತ್ತದೆ. ಆನ್‌ಲೈನ್‌ನಲ್ಲಿ ತರಿಸುವವರು ಮೋಸಹೋಗುವುದು ಇಲ್ಲಿಯೇ. ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ.

ಎಲ್‌ಇಡಿ ಬಲ್ಬ್ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಖಚಿತ: ಬೇಡ. ಹ್ಯಾಲೊಜನ್ ಡೂಮ್‌ನ ಬಾಗುವಿಕೆಯನ್ನು ಕೂದಲೆಳೆಯಂತಹ ಒಂದು ತಂತಿಯ ಜಾಗಕ್ಕೆ ಲೆಕ್ಕಹಾಕಿ ಮಾಡಿರುತ್ತಾರೆ. ಅಲ್ಲಿ ಬೇರೆ ಆಕಾರದ ಬೆಳಕಿನ ಮೂಲವನ್ನಿಟ್ಟರೆ ಬೆಳಕು ರಸ್ತೆ ಬಿಟ್ಟು ಎಲ್ಲೆಡೆ ಚೆಲ್ಲುತ್ತದೆ. 100/90 ವ್ಯಾಟ್‌ನ ಬಲ್ಬ್ ಕೂಡ ಬೇಡ. ಅಪ್ಪರ್‌ನಲ್ಲಿ ಎರಡೂ ಸೇರಿ 16 ಆಂಪಿಯರ್‌ಗೂ ಹೆಚ್ಚು ಎಳೆಯುತ್ತವೆ. ಆಲ್ಟರ್ನೇಟರ್ ಬದಲು ಡೈನಮೊ ಇರುವ ಗಾಡಿಗೆ ಅದು ಅಸಾಧ್ಯ ಹೊರೆ.

ರಿಲೇ: ಇಲ್ಲಿ ಅವಸರ ಬೇಡ

ಹೆಚ್ಚಿನವರು ತಪ್ಪುವ ಹಂತ ಇದು. ರಿಲೇ ಹಾಕಿದ ಮೇಲೆ ಹಳೆಯ ಸ್ವಿಚ್‌ಗೆ ಉಳಿಯುವುದು ಅಪ್ಪಣೆ ಕೊಡುವ ಕೆಲಸ ಮಾತ್ರ. ಆ ತೆಳು ಕರೆಂಟ್ ಅರ್ಧ ಆಂಪಿಯರ್ ಕೂಡ ಇರುವುದಿಲ್ಲ. ನಿಜವಾದ ಹೊರೆ ಬ್ಯಾಟರಿಯಿಂದ ನೇರವಾಗಿ, ದಪ್ಪ ವೈರಿನಲ್ಲಿ, ಗಿಡ್ಡ ದಾರಿಯಲ್ಲಿ ದೀಪಕ್ಕೆ ಹೋಗುತ್ತದೆ.

ಬ್ಯಾಟರಿಯಿಂದ ಗಾಡಿಯ ಬಾಡಿಗೆ ಅರ್ಥ್ ಆಗಿರುವ (ಕರೆಂಟ್ ಹಿಂದಿರುಗಲು ತಗಡಿಗೆ ಜೋಡಿಸಿರುವ) ವೈರನ್ನು ಮೊದಲು ಬಿಚ್ಚಿ. ಬಾಡಿಗೆ ಹೋಗಿರುವುದು ಪ್ಲಸ್ಸೋ ಮೈನಸ್ಸೋ ಎಂದು ಇಲ್ಲಿಯೇ ನೋಡಿಕೊಳ್ಳಿ. ತೀರಾ ಹಳೆಯ ಗಾಡಿಗಳಲ್ಲಿ ಪ್ಲಸ್ ಬಾಡಿಗೆ ಇರುವ ಸಾಧ್ಯತೆ ಇದೆ. ಹಾಗಿದ್ದರೆ ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇ ಕೊಳ್ಳಬೇಡಿ.

ರಿಲೇಯ ಅಡಿಯಲ್ಲಿ 30, 87, 85, 86 ಎಂಬ ಅಂಕಿಗಳು ಅಚ್ಚಾಗಿರುತ್ತವೆ. ಬ್ಯಾಟರಿಯಿಂದ ಬಂದ ವೈರ್ ಫ್ಯೂಸ್ ದಾಟಿ 30ಕ್ಕೆ ಸೇರಬೇಕು. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ. ಫ್ಯೂಸ್‌ಗಿಂತ ಮೊದಲಿನ ವೈರ್ ಎಲ್ಲಿ ಉಜ್ಜಿ ಬಾಡಿಗೆ ತಾಕಿದರೂ ಬೆಂಕಿ ಹತ್ತುತ್ತದೆ. 87ರಿಂದ ದೀಪಗಳಿಗೆ. ದೀಪಕ್ಕೆ ಹೋಗುತ್ತಿದ್ದ ಹಳೆಯ ವೈರ್ ಈಗ 86ಕ್ಕೆ. 85 ಬಾಡಿಗೆ. ಡಿಪ್ಪರ್‌ಗೆ ಒಂದು ರಿಲೇ, ಅಪ್ಪರ್‌ಗೆ ಇನ್ನೊಂದು, ಎರಡಕ್ಕೂ ಬೇರೆಬೇರೆ ಫ್ಯೂಸ್. ಒಂದೇ ಫ್ಯೂಸಿನಲ್ಲಿ ಎರಡನ್ನೂ ನಡೆಸುವ ಉಳಿತಾಯವನ್ನು ನಾನು ಒಪ್ಪುವುದಿಲ್ಲ. ನಡುರಾತ್ರಿ ಆ ಫ್ಯೂಸ್ ಹೋದರೆ ಓಡುವ ಗಾಡಿಯ ಎರಡೂ ದೀಪ ಒಟ್ಟಿಗೇ ಆರುತ್ತವೆ.

ಹಳೆಯ ವೈರ್‌ಗಳಲ್ಲಿ ಸಾಮಾನ್ಯವಾಗಿ ನೀಲಿಯ ಮೇಲೆ ಬಿಳಿ ಗೆರೆ ಅಪ್ಪರ್, ನೀಲಿಯ ಮೇಲೆ ಕೆಂಪು ಗೆರೆ ಡಿಪ್ಪರ್, ಕಪ್ಪು ಅರ್ಥ್. ಆದರೆ ಹಲವು ಕೈ ದಾಟಿದ ಗಾಡಿಯಲ್ಲಿ ಬಣ್ಣವನ್ನು ನಂಬಬೇಡಿ, ಟೆಸ್ಟ್ ಲ್ಯಾಂಪ್ ಹಚ್ಚಿ ಖಚಿತಪಡಿಸಿಕೊಳ್ಳಿ. ಮೂಲ ವೈರಿಂಗನ್ನು ಕತ್ತರಿಸಬೇಡಿ. ಅದರ ತುದಿಯ ಕನೆಕ್ಟರ್‌ಗೇ ಹೊಸದನ್ನು ಜೋಡಿಸಿ.

ರಿಲೇಗಳನ್ನು ಬಾನೆಟ್ ಒಳಗೆ, ರೇಡಿಯೇಟರ್ ಪಕ್ಕದ ತಗಡಿಗೆ, ಪಿನ್‌ಗಳು ಕೆಳಮುಖವಾಗಿರುವಂತೆ ಬೋಲ್ಟ್ ಮಾಡಿ. ಪಿನ್ ಮೇಲ್ಮುಖವಾಗಿದ್ದರೆ ಮಳೆಯ ನೀರು ಒಳಗೆ ನಿಲ್ಲುತ್ತದೆ. ವೈರ್ ತಿರುಚಿ ಟೇಪ್ ಸುತ್ತಿದ ಜೋಡಣೆ ಒಂದೂ ಇರಬಾರದು. ಎಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ಜಾರುತ್ತದೆ. ಲಗ್ಗನ್ನು ಸರಿಯಾದ ಪ್ಲೈಯರ್‌ನಿಂದ ಒತ್ತಿ, ಜೋರಾಗಿ ಎಳೆದು ನೋಡಿ, ಬರಬಾರದು. ‘ರೆಡಿಮೇಡ್ ರಿಲೇ ಕಿಟ್’ ಎಂದು ಮಾರುವ ಹಲವದರಲ್ಲಿ ಪ್ಲಾಸ್ಟಿಕ್ ದಪ್ಪ, ಒಳಗಿನ ತಾಮ್ರ ತೆಳು. ಕೊಳ್ಳುವುದಾದರೆ ಒಂದು ತುದಿ ಸುಲಿದು ತೋರಿಸಲು ಕೇಳಿ.

ಇನ್ನು ಅರ್ಥ್. ಪ್ಲಸ್ ಕಡೆಯನ್ನೆಲ್ಲ ಹೊಸದು ಮಾಡಿ, ಅರ್ಥನ್ನು ಬಣ್ಣ ಬಳಿದ ತಗಡಿನ ಮೇಲಿನ ಹಳೆಯ ಸ್ಕ್ರೂಗೇ ಬಿಟ್ಟವರನ್ನು ನೋಡಿದ್ದೇನೆ. ದೀಪ ಮೊದಲಿನಷ್ಟೇ ಮಂಕು. ಬಲ್ಬಿಗೆ ಹೋದ ಕರೆಂಟ್ ಅಷ್ಟೇ ಸಲೀಸಾಗಿ ಹಿಂದಿರುಗಬೇಕು. ಒಂದೊಂದು ದೀಪದಿಂದಲೂ 2.5ರ ಕಪ್ಪು ವೈರ್ ಎಳೆದು, ಬಾಡಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಸ್ಯಾಂಡ್‌ಪೇಪರ್‌ನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಲಗ್ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಈಗ ಬ್ಯಾಟರಿ ಜೋಡಿಸಿ ಮತ್ತೆ ಅಳೆಯಿರಿ. ದೀಪ ಉರಿಯುತ್ತಿರುವಾಗ ಬ್ಯಾಟರಿಯ ಅರ್ಥ್ ಟರ್ಮಿನಲ್‌ನಿಂದ ಬಲ್ಬಿನ ಅರ್ಥ್ ಪಿನ್‌ಗೆ 0.2 ವೋಲ್ಟ್‌ಗಿಂತ ಕಡಿಮೆ, ಇನ್ನೊಂದು ಟರ್ಮಿನಲ್‌ನಿಂದ ಉರಿಯುವ ಪಿನ್‌ಗೆ 0.5ಕ್ಕಿಂತ ಕಡಿಮೆ ಬರಬೇಕು. ಹೆಚ್ಚು ಬಂದರೆ ಯಾವುದೋ ಜೋಡಣೆ ಸಡಿಲವಿದೆ, ಹುಡುಕಿ.

ಡೂಮ್, ಬಲ್ಬ್ ಕೂರಿಸುವುದು ಹತ್ತು ನಿಮಿಷದ ಕೆಲಸ. ಹ್ಯಾಲೊಜನ್ ಗಾಜನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡಿಗೆ ಗಾಜು ಒಂದೇ ಕಡೆ ಕಾದು ಬಲ್ಬ್ ಬೇಗ ಹೋಗುತ್ತದೆ.

ಗೋಡೆಯ ಮುಂದೆ

ದೀಪದ ಎತ್ತರ ಹೊಂದಿಸದೆ ಗಾಡಿಯನ್ನು ಬೀದಿಗಿಳಿಸುವುದು ಎದುರಿನಿಂದ ಬರುವವರಿಗೆ ಮಾಡುವ ಅನ್ಯಾಯ. ಎದುರಿಗೆ 8 ಮೀಟರ್ ದೂರದಲ್ಲಿ, 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಹೇಳುತ್ತವೆ.

ಚಕ್ರಗಳಲ್ಲಿ ಸರಿಯಾದ ಗಾಳಿ ಇರಲಿ. ಸಮತಟ್ಟಾದ ನೆಲದಲ್ಲಿ, ಗೋಡೆಯಿಂದ ದೀಪಕ್ಕೆ 5 ಮೀಟರ್ ಇರುವಂತೆ ಗಾಡಿ ನಿಲ್ಲಿಸಿ. ಕಾಂಪೌಂಡ್ ಗೋಡೆ ಸಾಕು, ಅದರ ಮುಂದಿನ ಅಂಗಳ ಮಾತ್ರ ಇಳಿಜಾರಾಗಿರಬಾರದು. ಒಂದೊಂದು ದೀಪದ ನಡುಬಿಂದುವನ್ನೂ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿ, ಅದಕ್ಕಿಂತ 5 ಸೆಂಟಿಮೀಟರ್ ಕೆಳಗೆ ಅಡ್ಡಗೆರೆ ಎಳೆಯಿರಿ. ಒಂದು ದೀಪಕ್ಕೆ ಗೋಣಿಚೀಲ ಹೊದಿಸಿ, ಇನ್ನೊಂದನ್ನು ಡಿಪ್ಪರ್‌ನಲ್ಲಿ ನೋಡಿ. ಬೆಳಕಿನ ಮೇಲಂಚು ಗೆರೆಯ ಮೇಲೆ ನೇರವಾಗಿ ಬಂದು, ನಡುಬಿಂದುವಿನ ನೇರದಿಂದ ಎಡಕ್ಕೆ ಮೇಲೇರಬೇಕು. ಮೇಲಿನ ಸ್ಪ್ರಿಂಗ್ ಸ್ಕ್ರೂ ಎತ್ತರಕ್ಕೆ, ಪಕ್ಕದ್ದು ಎಡಬಲಕ್ಕೆ. ಕಾಲು ಸುತ್ತು ತಿರುಗಿಸಿ, ನೋಡಿ, ಮತ್ತೆ ತಿರುಗಿಸಿ.

ಈ ಕೆಲಸವನ್ನು ಖಾಲಿ ಗಾಡಿಯಲ್ಲಿ ಮಾಡಿ ಮುಗಿಸುವವರೇ ಹೆಚ್ಚು. ಅಂಬಾಸಿಡರ್ ಅಂದರೆ ಹಿಂದೆ ಮೂವರು, ಡಿಕ್ಕಿ ತುಂಬ ಸಾಮಾನು. ಹಿಂದಿನ ಪಟ್ಟಾ ಸ್ಪ್ರಿಂಗ್ ಕುಸಿದರೆ ಮೂತಿ ಮೇಲೇಳುತ್ತದೆ, ಜೊತೆಗೆ ಬೆಳಕೂ. ನೀವು ಸಾಮಾನ್ಯವಾಗಿ ಎಷ್ಟು ಜನ ಓಡಾಡುತ್ತೀರೋ ಅಷ್ಟು ಜನರನ್ನು ಕೂರಿಸಿಕೊಂಡೇ ಹೊಂದಿಸಿ.

ಕೊನೆಯದಾಗಿ, ಯಾವ ರಿಲೇ ಯಾವುದಕ್ಕೆ, ಯಾವ ಬಣ್ಣದ ವೈರ್ ಎಲ್ಲಿಗೆ ಎಂದು ಒಂದು ಹಾಳೆಯಲ್ಲಿ ಬರೆದು, ಎರಡು 15 ಆಂಪಿಯರ್ ಫ್ಯೂಸ್ ಮತ್ತು ಒಂದು ಹೆಚ್ಚುವರಿ ರಿಲೇಯೊಂದಿಗೆ ಗಾಡಿಯಲ್ಲೇ ಇಡಿ. ಬಿಚ್ಚಿದ ಹಳೆಯ ಡೂಮ್‌ಗಳನ್ನು ಗುಜರಿಗೆ ಹಾಕಬೇಡಿ, ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ಒಂದು ವಾರ ಓಡಿಸಿದ ಮೇಲೆ ಅರ್ಥ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿಮಾಡಿ.