ಅರಿಶಿನದ ಗುಣ ಮೈಗೆ ಹತ್ತಬೇಕಾದರೆ

ಅರಿಶಿನಕ್ಕೆ ಅದರ ಬಣ್ಣವನ್ನೂ ಔಷಧಿ ಎಂಬ ಹೆಸರಿನ ಬಹುಪಾಲನ್ನೂ ತಂದುಕೊಟ್ಟಿರುವುದು ಕರ್ಕ್ಯುಮಿನ್ ಎಂಬ ಹಳದಿ ಸಂಯುಕ್ತ. 1815ರಲ್ಲಿ ವೋಗಲ್ ಮತ್ತು ಪೆಲ್ಟಿಯೇ ಎಂಬ ರಸಾಯನಶಾಸ್ತ್ರಜ್ಞರು ಇದನ್ನು ಮೊದಲು ಬೇರ್ಪಡಿಸಿದರು. ಅದರ ಅಣುರಚನೆ 1910ರಲ್ಲಿ ತಿಳಿಯಿತು. ಒಣಗಿದ ಅರಿಶಿನದಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಮೂರರ ಆಸುಪಾಸಿನಲ್ಲಿರುತ್ತದೆ. ಅಂದರೆ ಒಂದು ಟೀ ಚಮಚ, ಸುಮಾರು 3 ಗ್ರಾಂ ಪುಡಿಯಲ್ಲಿ ದೊರೆಯುವುದು 90 ಮಿಲಿಗ್ರಾಂ ಮಾತ್ರ. ಮಂಡಿನೋವಿನ ಮೇಲೆ ನಡೆದ ಪ್ರಯೋಗಗಳಲ್ಲಿ ದಿನವೊಂದಕ್ಕೆ 500ರಿಂದ 1500 ಮಿಲಿಗ್ರಾಂ ಕೊಟ್ಟಿರುವುದೇ ಹೆಚ್ಚು. ಆದ್ದರಿಂದ ಸಾರಿಗೆ ಹಾಕುವ ಚಿಟಿಕೆ ಅರಿಶಿನ ಕಾಯಿಲೆಯನ್ನು ವಾಸಿಮಾಡುತ್ತದೆ ಎಂದು ನಂಬುವುದು ಸರಿಯಲ್ಲ. ಆದರೆ ದಿನವೂ ಹೇಗೂ ಬಳಸುವ ಆ ಚಿಟಿಕೆ ವ್ಯರ್ಥವಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ, ಮತ್ತು ಅದಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ.

ಮೊದಲನೆಯದು ಆಯ್ಕೆ. ಸಾಧ್ಯವಿರುವವರು ಪುಡಿಯ ಬದಲು ಅರಿಶಿನದ ಕೊಂಬನ್ನೇ ಕೊಂಡು, ಕುಟ್ಟಿ, ಬಿಸಿಲಿನಲ್ಲಿ ಮತ್ತೊಮ್ಮೆ ಒಣಗಿಸಿ ಗಿರಣಿಗೆ ಕೊಡುವುದು ಉತ್ತಮ. ಚಾಮರಾಜನಗರ, ಮೈಸೂರು, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಅರಿಶಿನ ಬೆಳೆಯುವುದರಿಂದ ಅಲ್ಲಿನವರಿಗೆ ಬೆಳೆಗಾರರಿಂದಲೇ ಕೊಳ್ಳುವ ಅನುಕೂಲವೂ ಇದೆ. ಕೊಂಬು ಗಟ್ಟಿಯಾಗಿರಬೇಕು, ಮುರಿದಾಗ ಟಕ್ಕೆಂದು ಸದ್ದಾಗಬೇಕು, ಒಳಗಿನ ಭಾಗ ಕಿತ್ತಳೆ ಬೆರೆತ ಗಾಢ ಹಳದಿಯಾಗಿರಬೇಕು. ಹೊರಮೈ ಮಾಸಲಾಗಿದ್ದರೆ ಚಿಂತೆಯಿಲ್ಲ; ಒಳಗಿಗಿಂತ ಹೊರಗೇ ಹೆಚ್ಚು ಹಳದಿಯಾಗಿ ಹೊಳೆಯುತ್ತಿದ್ದರೆ ಮಾತ್ರ ಅನುಮಾನಿಸಬೇಕು. ಏಕೆಂದರೆ ಕೊಂಬಿಗೆ ಹೊಳಪು ಕೊಡುವಾಗ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಬಳಿಯುವ ಕಲಬೆರಕೆ ನಮ್ಮ ಉಪಖಂಡದಲ್ಲಿ ಪತ್ತೆಯಾಗಿದೆ, ಮತ್ತು ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುವ ವಿಷ. ಪುಡಿಯನ್ನು ಲೋಟದ ನೀರಿಗೆ ಹಾಕಿ ನೋಡುವ ಮನೆಪರೀಕ್ಷೆಯಲ್ಲಿ ಒಳ್ಳೆಯ ಅರಿಶಿನ ತಳಕ್ಕೆ ಇಳಿದು ಮೇಲಿನ ನೀರು ತಿಳಿಹಳದಿಯಾಗಿ ಉಳಿಯುತ್ತದೆ. ನೀರು ಕಡುಹಳದಿಯಾದರೆ ಬಣ್ಣ ಬೆರೆತಿದೆ ಎಂದರ್ಥ. ಆದರೆ ಸೀಸದ ಕ್ರೋಮೇಟ್ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಈ ಪರೀಕ್ಷೆ ಅದನ್ನು ಹಿಡಿಯಲಾರದು. ಕೊಂಬನ್ನು ಮುರಿದು ನೋಡಿ ಕೊಳ್ಳಿರೆಂದು ಒತ್ತಿ ಹೇಳುವುದು ಇದಕ್ಕಾಗಿಯೇ.

ಪುಡಿಯನ್ನು ಬೆಳಕು ತಾಗದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಬಟ್ಟೆಯ ಮೇಲೆ ಬಿದ್ದ ಅರಿಶಿನದ ಕಲೆ ಸೋಪು ತಾಗಿದೊಡನೆ ಕೆಂಪಾಗುವುದನ್ನೂ, ಅದೇ ಬಟ್ಟೆಯನ್ನು ಬಿಸಿಲಿಗೆ ಹರವಿದರೆ ಕಲೆ ತಾನಾಗಿ ಮಾಸುವುದನ್ನೂ ಎಲ್ಲರೂ ನೋಡಿರುತ್ತೇವೆ. ಕರ್ಕ್ಯುಮಿನ್ ಕ್ಷಾರಕ್ಕೆ ಕೆಂಪಾಗುತ್ತದೆ, ಬೆಳಕಿಗೆ ಒಡೆಯುತ್ತದೆ. ಆರತಿಯ ನೀರಿಗೆ ಅರಿಶಿನದ ಜೊತೆ ಸುಣ್ಣ ಬೆರೆಸಿದಾಗ ಓಕುಳಿ ಕೆಂಪೇರುವುದೂ ಇದೇ ಕಾರಣಕ್ಕೆ. ಅಡುಗೆಯಲ್ಲಿಯೂ ಇದನ್ನು ನೆನಪಿಟ್ಟುಕೊಳ್ಳಬೇಕು: ಬೇಳೆ ಬೇಗ ಬೇಯಲೆಂದು ಸೋಡಾ ಹಾಕುವ ರೂಢಿಯಿದ್ದರೆ ಅರಿಶಿನದ ಮಟ್ಟಿಗಂತೂ ಅದನ್ನು ಬಿಡುವುದು ಒಳ್ಳೆಯದು.

ಇನ್ನು ಅಡುಗೆಯ ವಿಧಾನ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಅರಿಶಿನವನ್ನು ಬೇಯಿಸಿ ನೋಡಿದಾಗ ಕರ್ಕ್ಯುಮಿನ್‌ನ ಕಾಲುಭಾಗದಿಂದ ಅರ್ಧದವರೆಗೂ ನಷ್ಟವಾಗುವುದು ಕಂಡುಬಂತು. ಪ್ರೆಷರ್ ಕುಕ್ಕರಿನಲ್ಲಿ ನಷ್ಟ ಅತಿ ಹೆಚ್ಚು, ಹುಣಸೆಹಣ್ಣು ಜೊತೆಗಿದ್ದಾಗ ಗಣನೀಯವಾಗಿ ಕಡಿಮೆ. ಹುಳಿ, ಸಾರು, ಗೊಜ್ಜುಗಳನ್ನು ಉಣ್ಣುವ ನಮಗೆ ಇದು ಸಂತೋಷದ ಸಂಗತಿ. ಆದ್ದರಿಂದ ಬೇಳೆಯೊಂದಿಗೆ ಕುಕ್ಕರಿಗೆ ಅರಿಶಿನ ಸುರಿಯುವ ಬದಲು, ಹುಣಸೆರಸ ಕುದಿಯುವಾಗ ಹಾಕಿರಿ, ಅಥವಾ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಮೇಲೆ ಉರಿ ಸಣ್ಣದು ಮಾಡಿ ಎಣ್ಣೆಗೆ ಹಾಕಿ, ಹಸಿವಾಸನೆ ಹೋದ ಕೂಡಲೇ ಕೆಳಗಿಳಿಸಿರಿ. ಒಗ್ಗರಣೆಯಿಂದ ಇನ್ನೊಂದು ಲಾಭವೂ ಇದೆ: ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಬೆಳಿಗ್ಗೆ ಬರಿಯ ಬಿಸಿನೀರಿಗೆ ಅರಿಶಿನ ಕದಡಿ ಕುಡಿಯುವವರು ಅದನ್ನು ಬಿಟ್ಟು ಎಣ್ಣೆಯ ಅಥವಾ ತುಪ್ಪದ ಒಗ್ಗರಣೆಯ ಸಾರು ಉಂಡರೆ ಹೆಚ್ಚು ಪ್ರಯೋಜನವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜಿಡ್ಡು ಇದ್ದರೂ ಒಂದು ತೊಡಕು ಉಳಿಯುತ್ತದೆ. ರಕ್ತಕ್ಕೆ ಸೇರುವ ಅಲ್ಪಸ್ವಲ್ಪ ಕರ್ಕ್ಯುಮಿನ್ ಅನ್ನು ಕರುಳು ಮತ್ತು ಯಕೃತ್ತು ಕೂಡಲೇ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕಿಬಿಡುತ್ತವೆ. ಇಲ್ಲಿ ನೆರವಿಗೆ ಬರುವುದು ಕಾಳುಮೆಣಸು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಮೆಣಸಿನ ಪೈಪರಿನ್ ಎಂಬ ಅಂಶವನ್ನು ಕೇವಲ 20 ಮಿಲಿಗ್ರಾಂ ಕೊಟ್ಟಾಗ, ಸ್ವಯಂಸೇವಕರ ದೇಹ ಹೀರಿಕೊಂಡ ಪ್ರಮಾಣ ಶೇಕಡ 2000ರಷ್ಟು ಹೆಚ್ಚಿತು. ಅರಿಶಿನದ ಸಂಶೋಧನೆ ಎಲ್ಲಿ ನಡೆದರೂ ಇಂದಿಗೂ ಉಲ್ಲೇಖವಾಗುವ ಈ ಕೆಲಸ ನಮ್ಮ ಊರಿನಲ್ಲಿ ಆಯಿತೆಂಬುದು ಹೆಮ್ಮೆಯ ವಿಷಯ.

ಅರಿಶಿನದ ಹಾಲನ್ನು ಹೀಗೆ ಮಾಡಬಹುದು. ಕೆನೆ ತೆಗೆಯದ ಒಂದು ಲೋಟ ಹಾಲಿಗೆ ಕಾಲು ಟೀ ಚಮಚ ಅರಿಶಿನವನ್ನೂ ಆಗಲೇ ಕುಟ್ಟಿದ ಎರಡು ಕಾಳುಮೆಣಸನ್ನೂ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ನಾಲ್ಕೈದು ನಿಮಿಷ ಕಾಯಿಸಿರಿ. ಬೆಲ್ಲ ಬೇಕಿದ್ದರೆ ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಸೇರಿಸಿ, ಇಲ್ಲವಾದರೆ ಹಾಲು ಒಡೆಯಬಹುದು. ತಳದಲ್ಲಿ ಉಳಿಯುವ ಗಸಿಯಲ್ಲಿಯೇ ಅರಿಶಿನ ಹೆಚ್ಚಿರುವುದರಿಂದ ಅದನ್ನು ಚೆಲ್ಲದೆ ಕಲಕಿ ಕುಡಿಯಬೇಕು.

ಇದರಿಂದ ಏನನ್ನು ನಿರೀಕ್ಷಿಸಬಹುದು? ಹೆಚ್ಚಿನ ಪ್ರಮಾಣದ ಕರ್ಕ್ಯುಮಿನ್ ಮಂಡಿಯ ಸಂಧಿವಾತದ ನೋವನ್ನು ಒಂದಿಷ್ಟು ತಗ್ಗಿಸುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆಯಿದೆ. ಥೈಲ್ಯಾಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಜೀರ್ಣದ ತೊಂದರೆಗೆ ಕರ್ಕ್ಯುಮಿನ್ ಒಮೆಪ್ರಜೋಲ್ ಮಾತ್ರೆಯಷ್ಟೇ ಉಪಶಮನ ಕೊಟ್ಟಿತು. ಕ್ಯಾನ್ಸರ್, ಮಧುಮೇಹ, ಮರೆವಿನ ಕಾಯಿಲೆಗಳ ವಿಷಯದಲ್ಲಿ ಪ್ರಯೋಗಶಾಲೆಯ ಫಲಿತಾಂಶಗಳು ಬಹಳವಿದ್ದರೂ, ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸಿ ಅರಿಶಿನವನ್ನು ನಂಬಿ ಕೂರಲು ಅವು ಯಾವ ಆಧಾರವನ್ನೂ ಕೊಡುವುದಿಲ್ಲ. ಗಾಯದ ಮಾತೂ ಅಷ್ಟೇ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟಿದ್ದ ಪೇಟೆಂಟ್, ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ತಕರಾರಿನಿಂದ 1997ರಲ್ಲಿ ರದ್ದಾಯಿತು. ಅದರಿಂದ ಈ ಬಳಕೆ ನಮ್ಮಲ್ಲಿ ಹಳೆಯದೆಂಬುದು ಸ್ಥಾಪಿತವಾಯಿತೇ ಹೊರತು, ಆಳವಾದ ಗಾಯಕ್ಕೂ ಹಸುಗೂಸಿನ ಹೊಕ್ಕುಳಿಗೂ ಅಡುಗೆಮನೆಯ ಪುಡಿಯನ್ನು ತುಂಬಬಹುದೆಂದಲ್ಲ.

ಬಣ್ಣವಾಗಿ ಬಳಸುವ ಕರ್ಕ್ಯುಮಿನ್‌ಗೆ ಅಂತರರಾಷ್ಟ್ರೀಯ ತಜ್ಞರ ಸಮಿತಿ ಹಾಕಿರುವ ಮಿತಿ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ ಇದು 180 ಮಿಲಿಗ್ರಾಂ, ಅಂದರೆ ಸುಮಾರು ಎರಡು ಟೀ ಚಮಚ ಅರಿಶಿನ. ಊಟದಲ್ಲಿ ಯಾರೂ ಇಷ್ಟು ತಿನ್ನುವುದಿಲ್ಲ. ಕ್ಯಾಪ್ಸೂಲ್ ನುಂಗುವವರು ಸುಲಭವಾಗಿ ದಾಟಿಬಿಡುತ್ತಾರೆ. ಇಟಲಿ, ಅಮೆರಿಕ ಮೊದಲಾದ ಕಡೆ ಇಂತಹ ಕ್ಯಾಪ್ಸೂಲ್‌ಗಳನ್ನು, ಅದರಲ್ಲೂ ಮೆಣಸಿನ ಸಾರ ಬೆರೆಸಿದವನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಾಣಿಸಿಕೊಂಡಿದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಆಕ್ಸಲೇಟ್‌ನಿಂದ ಮೂತ್ರಪಿಂಡದಲ್ಲಿ ಕಲ್ಲಾದವರು, ಕಬ್ಬಿಣಾಂಶದ ಕೊರತೆಯಿರುವವರು ಮತ್ತು ಗರ್ಭಿಣಿಯರು ಸಾರು, ಪಲ್ಯದ ಅರಿಶಿನಕ್ಕೆ ಹೆದರಬೇಕಾಗಿಲ್ಲ, ಆದರೆ ವೈದ್ಯರನ್ನು ಕೇಳದೆ ಕ್ಯಾಪ್ಸೂಲ್ ಮುಟ್ಟಬಾರದು. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಕ್ಯಾಪ್ಸೂಲ್ ಸೇವಿಸುತ್ತಿರುವ ವಿಷಯವನ್ನು ಮೊದಲೇ ತಿಳಿಸಿ, ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಕೇಳಿರಿ. ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಕಾರಣವಿಲ್ಲದೆ ಸುಸ್ತಾಗುವುದು ಕಂಡರೆ ಅದೇ ದಿನ ಕ್ಯಾಪ್ಸೂಲ್ ನಿಲ್ಲಿಸಿ, ಡಬ್ಬಿಯನ್ನು ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿರಿ.